ಮೊಳೆಗೆ ಕೊಟ್ಟ ಎಲೆಯಡಿಕೆ

ಹೋದ ವರ್ಷ ಒಂದು ಭಾನುವಾರ ಸಂಜೆ ನಾನು ಸಾರಿನ ಒಗ್ಗರಣೆ ಸೀಯಿಸಿದೆ. ಸೀಯಿಸಿದ್ದು ಅದೇ ಮೊದಲೇನಲ್ಲ. ಆದರೆ ನಾನೆಂದೂ ಕಾಣದ ದೇಶದ ಹುಡುಗನೊಬ್ಬ, ಬೈಕ್ ರೇಸಿನಲ್ಲಿ ಓಡಿಸುವವನು, ತನ್ನ ತಂಡ ಬಿಟ್ಟು ಬೇರೆ ತಂಡಕ್ಕೆ ಹೋಗುತ್ತಾನೆಂಬ ಸುದ್ದಿ ಕೇಳಿ ಸಾಸಿವೆ ಕಪ್ಪಗಾದದ್ದು ಮಾತ್ರ ಅದೇ ಮೊದಲು.

ಈ ಹುಚ್ಚು ನನಗೆ ಹತ್ತಿದ್ದು ಹುಣಸೆಹಣ್ಣಿನಿಂದ. ಟಿವಿ ಮುಂದೆ ಕೂತು ಬೀಜ ಬಿಡಿಸುತ್ತಿದ್ದೆ. ನಮ್ಮ ಯಜಮಾನರು ಕ್ರಿಕೆಟ್ ಹುಡುಕುವಾಗ ರಿಮೋಟಿನ ಸೆಲ್ ಮುಗಿದು ಟಿವಿ ಬೈಕ್ ರೇಸಿಗೆ ಬಂದು ನಿಂತಿತು. ಕಳವಾರದ ನಮ್ಮ ಮನೆ ಮುಂದೆ ಬೆಳಗಿನ ಜಾವ ಬುರ್ರೆಂದು ಸ್ಕಂದಗಿರಿ ಹತ್ತಲು ಹೋಗುವ ಬೈಕಿನವರನ್ನು ವರ್ಷಗಟ್ಟಲೆ ಶಪಿಸಿದವಳು ನಾನು. ಆ ಸಂಜೆ ಮಾತ್ರ, ಮೊಣಕೈ ನೆಲಕ್ಕೆ ಸವರುವಷ್ಟು ವಾಲಿ ತಿರುವು ತಿರುಗುವ ಒಬ್ಬನನ್ನು ನೋಡಿ, ಬೀಜವನ್ನು ಹಣ್ಣಿನ ಡಬ್ಬಿಗೂ ಹಣ್ಣನ್ನು ಬೀಜದ ಮೊರಕ್ಕೂ ಹಾಕಿದೆ. ಹಸಿರು ಗಾಡಿಯ ಆ ಹುಡುಗ ಅಂದಿನಿಂದ ನನ್ನವನಾದ. ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಉಂಟು. ಗ್ಯಾಸ್ ಬಂದ ದಿನ, ಎಮ್ಮೆ ಕರು ಹಾಕಿದ ದಿನ, ದ್ರಾಕ್ಷಿಗೆ ಔಷಧಿ ಹೊಡೆದ ದಿನಗಳ ನಡುವೆ ಅವನು ಬಿದ್ದದ್ದು, ಎದ್ದದ್ದು, ಗೆದ್ದದ್ದೂ ಸೇರಿಕೊಂಡವು.

ಈ ರೇಸಿನ ಲೋಕದ ಕಟ್ಟಳೆಗಳು ವಿಚಿತ್ರ. ಮುಂದಿನ ವರ್ಷ ಯಾವ ತಂಡ ಎಂಬುದಕ್ಕೆ ಈ ವರ್ಷದ ಮೊದಲ ಓಟಕ್ಕೂ ಮುಂಚೆಯೇ ರುಜು ಬಿದ್ದಿರುವುದುಂಟು. ಆಮೇಲೆ ವರ್ಷವಿಡೀ ಹಳೆ ತಂಡದ ಅಂಗಿ ತೊಟ್ಟು ಓಡಬೇಕು. ನಿಶ್ಚಿತಾರ್ಥ ಮುಗಿದ ಹುಡುಗಿ ತವರಲ್ಲೇ ಇದ್ದ ಹಾಗೆ. ತಟ್ಟೆ ಇಲ್ಲಿ, ಮನಸ್ಸು ಅಲ್ಲಿ. ಕೊನೆಯ ಓಟ ಮುಗಿದ ಒಂದೆರಡು ದಿನಕ್ಕೇ ಹೊಸ ಗಾಡಿ ಹತ್ತಿ ಪರೀಕ್ಷೆಗೆ ಸುತ್ತುತ್ತಾರೆ. ಹಳೆಯ ಕರಾರು ವರ್ಷದ ಕೊನೆಯವರೆಗೂ ಇರುವುದರಿಂದ ಎಷ್ಟೋ ಸಲ ಹೆಸರಿಲ್ಲದ ಕಪ್ಪು ಅಂಗಿ ತೊಟ್ಟು, ಹೊಸ ಗಾಡಿಯ ಬಗ್ಗೆ ತುಟಿ ಬಿಚ್ಚದೆ ಓಡಿಸಬೇಕು. ಗಾಡಿ ಚೆನ್ನಾಗಿದೆ ಎನ್ನುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ನಾನಾಗಿದ್ದರೆ ಊಟ ಸೇರುತ್ತಿರಲಿಲ್ಲ.

"ಎಂಟು ವರ್ಷ ಸಾಕಿದ ತಂಡ. ಕೃತಘ್ನ!" ಎಂದೆ, ಸೀದ ಸಾರು ಬಡಿಸುತ್ತಾ.

ಯಜಮಾನರು ಸಾರನ್ನು ಮೂಸಿ ನೋಡಿ, "ಸಾಕೋಕೆ ಅವನೇನು ಕೋಳೀನಾ? ದುಡಿದೋನು ಕಣೇ. ಎಲ್ಲಿ ಮರ್ಯಾದೆ ಕಂಡ್ತೋ ಅಲ್ಲಿಗೆ ಹೋದ" ಎಂದರು. ಆಮೇಲೆ ತಟ್ಟೆಯತ್ತಲೇ ನೋಡುತ್ತಾ ಸೇರಿಸಿದರು: "ನರಸಮ್ಮನೂ ಈ ಸಲ ಮೇಲಿನ ತೋಟಕ್ಕೆ ಹೋಗ್ತಾಳಂತೆ. ರತ್ನಮ್ಮನೋರ್ದಕ್ಕೆ."

ನನ್ನ ಕೈಯ ಸೌಟು ಅಲ್ಲೇ ನಿಂತಿತು.

ನರಸಮ್ಮ ಹದಿನಾಲ್ಕು ವರ್ಷದಿಂದ ನಮ್ಮ ದ್ರಾಕ್ಷಿ ತೋಟದ ಕಟಿಂಗ್ ಮಾಡುವ ಹೆಂಗಸರ ಗುಂಪಿನ ಮುಂದಾಳು. ಕಟಿಂಗ್ ಎಂದರೆ ಚಪ್ಪರದ ಮೇಲಿನ ಕಡ್ಡಿಗಳನ್ನು ಇಂತಿಷ್ಟು ಕಣ್ಣು ಉಳಿಸಿ ಕತ್ತರಿಸುವುದು. ಕಣ್ಣು ಎಂದರೆ ಚಿಗುರು ಹೊರಡುವ ಗಂಟು. ಒಂದು ಕಣ್ಣು ಹೆಚ್ಚು ಬಿಟ್ಟರೆ ಬರೀ ಎಲೆ. ಕಡಿಮೆ ಬಿಟ್ಟರೆ ಗೊಂಚಲೇ ಇಲ್ಲ. ತಪ್ಪಾಯಿತೆಂದು ಗೊತ್ತಾಗುವ ಹೊತ್ತಿಗೆ ಆ ಬೆಳೆ ಹೋಗಿರುತ್ತದೆ. ಅದರಲ್ಲೂ ನಮ್ಮ ಮೂರನೆ ಸಾಲು ಮುದಿ ಗಿಡಗಳದ್ದು. ಅವುಗಳ ನಾಡಿ ಬಲ್ಲವಳು ಅವಳೊಬ್ಬಳೇ. ಕಟಿಂಗಿಗೆ ಉಳಿದಿದ್ದದ್ದು ಒಂಬತ್ತೇ ದಿನ.

ಈ ಕೆಲಸಕ್ಕೆ ಕಾಗದ ಪತ್ರವಿಲ್ಲ. ಕೊಯ್ಲು ಮುಗಿದ ದಿನ ಮುಂದಾಳನ್ನು ಮನೆಯೊಳಗೆ ಕರೆದು, ಚಾಪೆ ಹಾಸಿ ಕೂರಿಸಿ, ಕುಂಕುಮ ಇಟ್ಟು, ಎಲೆಯಡಿಕೆ, ರವಿಕೆ ಕಣ, ಕಡೆಯ ಸಾಲಿನ ಒಂದು ಗೊಂಚಲು ಕೊಡಬೇಕು. ಅವಳು ಮಡಿಲಿಗೆ ಹಾಕಿಕೊಂಡರೆ ಮುಂದಿನ ಸಲಕ್ಕೂ ಮಾತಾದಂತೆ. ನಾನು ಕೊಡದೆ ಇರುವವಳೇ? ದಿನಚರಿ ತೆಗೆದೆ. ಅಲ್ಲೇ ಇತ್ತು: "ನರಸಮ್ಮನ ಎಲೆಯಡಿಕೆ, ಕೊಟ್ಟಾಯಿತು." ಪಕ್ಕದಲ್ಲಿ ಗುರುತು ಬೇರೆ.

"ನೀವೇ ಅಲ್ವಾ ಕೊಟ್ಟು ಬಂದಿದ್ದು?" ಎಂದು ಯಜಮಾನರನ್ನು ಕೇಳಿದೆ. ಆ ವಾರ ನಾದಿನಿಯ ಮೊಮ್ಮಗುವಿನ ನಾಮಕರಣವೆಂದು ನಾನು ಶಿಡ್ಲಘಟ್ಟಕ್ಕೆ ಹೊರಟಿದ್ದೆ. ಎಲೆಯಡಿಕೆಯ ಚೀಲ ಅವರ ಕೈಗಿತ್ತಿದ್ದೆ.

"ಕೊಟ್ಟೆನಲ್ಲ. ಮನೇಲಿ ಯಾರೂ ಇರ್ಲಿಲ್ಲ. ಬಾಗ್ಲು ಪಕ್ಕದ ಮೊಳೇಗೆ ನೀಟಾಗಿ ತಗುಲಾಕಿ ಬಂದೆ."

ಮರುದಿನ ನಾನೇ ನರಸಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕತ್ತರಿಗಳನ್ನು ಮಸೆಯುತ್ತಿದ್ದಳು. ಎದ್ದು ನಿಂತು, ಸೆರಗಿನಿಂದ ಜಗುಲಿ ಒರೆಸಿ ಕೂರಿಸಿದಳು. ಅಷ್ಟು ಮರ್ಯಾದೆ ನೋಡಿಯೇ ನನಗೆ ಹೆದರಿಕೆಯಾಯಿತು.

"ಎಲೆಯಡಿಕೆ ಕಳಿಸಿದ್ನಲ್ಲ ನರಸಮ್ಮ?"

"ಮೊಳೇಗೆ ಕೊಟ್ರಿ ಅಕ್ಕಯ್ಯ, ನಂಗಲ್ಲ" ಎಂದಳು, ನಗುತ್ತಲೇ. "ಆ ಗೊಂಚಲು ಇರುವೆ ತಿಂದ್ವು. ಹದಿನೈದು ದಿನ ಕಾದೆ, ಕರೀತೀರೇನೋ ಅಂತ. ರತ್ನಮ್ಮನೋರು ಒಳಕ್ಕೆ ಕರ್ದು ಕೂರಿಸಿದ್ರು. ತಗಂಡೆ."

"ಮೂರನೆ ಸಾಲು ಒಂದಾದ್ರೂ ಬಂದು ಮಾಡ್ಕೊಡಮ್ಮ."

"ಅಯ್ಯೋ, ಅದೆಂಗಾಗ್ತದೆ? ಅವರ ಕಟಿಂಗ್ ಮುಗಿಯೋಗಂಟ ಬ್ಯಾರೆ ತ್ವಾಟದಾಗೆ ಕಾಲಿಕ್ಕಲ್ಲ. ನಿಮ್ಮದು ಮಾಡೋವಾಗ ಯಾವತ್ತಾದ್ರೂ ಬ್ಯಾರೆ ಕಡೆ ಹೋಗಿದ್ನಾ?"

ಹೋಗಿರಲಿಲ್ಲ. ಅದಕ್ಕೆ ನನ್ನ ದಿನಚರಿಯೇ ಸಾಕ್ಷಿ. ದಾರಿಯುದ್ದಕ್ಕೂ ನಾಚಿಕೆಯಾಯಿತು. ನನ್ನ ರೇಸಿನ ಹುಡುಗನಿಗೂ ಹಳೆಯ ತಂಡದವರು ಮೊಳೆಗೆ ತಗುಲಿಹಾಕಿ ಹೋಗಿದ್ದರೋ ಏನೋ. ಅವರ ಪುಸ್ತಕದಲ್ಲೂ "ಕೊಟ್ಟಾಯಿತು" ಎಂದು ಗುರುತು ಬಿದ್ದಿರಬಹುದು. ಅವನಿಗೆ ಅಂದ ಕೃತಘ್ನ ಎಂಬ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಚಿಂತಾಮಣಿ ಕಡೆಯಿಂದ ಹೊಸ ಗುಂಪು ಸಿಕ್ಕಿತು. ಮುಂದಾಳು ಮಂಜುಳಾ, ಚುರುಕಿನ ಹುಡುಗಿ. ಕಟಿಂಗಿನ ದಿನವೇ ಅಲ್ಲಿ ನನ್ನ ಹುಡುಗ ಹೊಸ ಗಾಡಿ ಹತ್ತುವ ದಿನವೂ ಆಗಿತ್ತು, ಆದರೆ ಅದನ್ನು ನೋಡುವ ಮನಸ್ಸು ಯಾರಿಗಿತ್ತು? ಎರಡು ಸಾಲು ಸಲೀಸಾಗಿ ಮುಗಿಯಿತು. ಮೂರನೆಯದಕ್ಕೆ ಬಂದಾಗ ಮಂಜುಳಾ, "ಇದಕ್ಕೂ ಆರೇ ಕಣ್ಣು ಬಿಡಾದಾ ಆಂಟಿ?" ಎಂದಳು. ಯಾವ ದಿನ ಯಾರು ಎಷ್ಟು ಗಂಟೆಗೆ ಬಂದರು ಎಂದು ಹದಿನಾಲ್ಕು ವರ್ಷ ಬರೆದವಳು, ಎಷ್ಟು ಕಣ್ಣು ಬಿಟ್ಟರು ಎಂದು ಒಂದು ಸಲವೂ ಬರೆದಿರಲಿಲ್ಲ.

ಆಗ ತಂತಿಬೇಲಿಯ ಆಚೆ ರತ್ನಮ್ಮನವರ ತೋಟದಲ್ಲಿ ನರಸಮ್ಮ ಕಂಡಳು. ಟೀ ಕುಡಿಯುವ ಹೊತ್ತು. ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಬೇಲಿ ದಾಟಲಿಲ್ಲ, ಬಾಯೂ ಬಿಡಲಿಲ್ಲ. ಬಿಡುವಿದ್ದ ಕೈಯನ್ನು ಮೆಲ್ಲಗೆ ಎತ್ತಿ ಮೂರು ಬೆರಳು ತೋರಿಸಿದಳು. ಆಮೇಲೆ ಸಾಲಿನ ಕೊನೆಯ ನಾಲ್ಕು ಗಿಡಗಳ ಕಡೆ ಗದ್ದ ಎತ್ತಿ, ಎರಡು ಬೆರಳು. ಮಂಜುಳಾ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತಲೆಯಾಡಿಸಿ ಕತ್ತರಿ ಹಾಕಿದಳು. ನರಸಮ್ಮ ಟೀ ಕುಡಿದು, ಏನೂ ಆಗದವಳಂತೆ ತಿರುಗಿ ಹೋದಳು.

ಸಂಜೆ ಟಿವಿಯಲ್ಲಿ ನನ್ನ ಹುಡುಗನನ್ನು ತೋರಿಸಿದರು. ಹೆಸರಿಲ್ಲದ ಕಪ್ಪು ಅಂಗಿ. ಯಾರೋ ಮೈಕ್ ಹಿಡಿದರೆ ನಕ್ಕು ತಲೆಯಾಡಿಸಿದ. ಆದರೆ ಹೋಗುವಾಗ ಹಳೆಯ ತಂಡದವರು ಗಾಡಿ ನಿಲ್ಲಿಸುವ ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತು, ಹಸಿರು ಗಾಡಿಯ ಕಡೆ ನೋಡಿದ. ಬೆಳಗ್ಗೆ ಬೇಲಿಯಾಚೆ ಕಂಡ ಅದೇ ನೋಟ. ನನಗೆ ಸೊಂಟ ನೋವಿದ್ದರೂ ಎದ್ದು ಕೂತೆ.

ಇಪ್ಪತ್ತು ದಿನಕ್ಕೆ ಮೂರನೆ ಸಾಲಿನಲ್ಲಿ ಚಿಗುರಿನ ಜೊತೆ ಪುಟ್ಟ ಗೊಂಚಲುಗಳು ಇಣುಕಿದವು. ರತ್ನಮ್ಮನವರ ಕಟಿಂಗ್ ಆಗಲೇ ಮುಗಿದಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ನರಸಮ್ಮನನ್ನು ನಾನೇ ಗೇಟಿಗೆ ಹೋಗಿ ಒಳಗೆ ಕರೆದೆ. ಚಾಪೆ ಹಾಸಿದೆ. ಅವಳು ಚಾಪೆ ನೋಡಿದಳು, ನನ್ನ ಮುಖ ನೋಡಿದಳು, ಹೊಸಿಲ ಮೇಲೇ ನಿಂತಳು.

"ಎಲೆಯಡಿಕೆ ಕೊಡಾಕಾ ಅಕ್ಕಯ್ಯ? ಕೊಯ್ಲು ಮುಗಿಯೋಗಂಟ ನಾನು ಅವರ ಕಡೆಯೋಳು."

"ಇಲ್ಲಮ್ಮ. ಬರೀ ಕಾಫಿ."

"ಹಂಗಾದ್ರೆ ಕೂತ್ಕಂತೀನಿ" ಎಂದು ಕಾಲು ಚಾಚಿ ಕೂತಳು. ಆ ಕಾಫಿಯ ವಿಷಯವನ್ನು ಮಾತ್ರ ನಾನು ದಿನಚರಿಯಲ್ಲಿ ಬರೆದಿಲ್ಲ.