ಚಳಿಯಲ್ಲಿ ಎಳೆದ ಎಂಟು ತುಂಡು

ನನ್ನ ಸೊಸೆಗೆ ಜೊತೆಯವರು ಇಟ್ಟ ಹೆಸರು ಜಗ್ಗಮ್ಮ. ಹದಿನೇಳು ವರ್ಷದಿಂದ ಅವಳ ಕೆಲಸವೇ ಜಗ್ಗುವುದು. ರಾಕೆಟ್ಟಿನ ಹೊಟ್ಟೆಗೆ ತುಂಬುವ ಗಟ್ಟಿ ಇಂಧನ ಬೂದು ರಬ್ಬರಿನ ಹಾಗಿರುತ್ತದಂತೆ. ಅದರ ತುಂಡನ್ನು ಯಂತ್ರಕ್ಕೆ ಕಚ್ಚಿಸಿ, ಹರಿಯುವವರೆಗೆ ಎಳೆದು, ಎಷ್ಟು ಹಿಗ್ಗಿತೆಂದು ಬರೆಯಬೇಕು.

ಸಂಜೆ ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಆ ದಿನದ ಸುದ್ದಿ ಗೊತ್ತಾಗುತ್ತದೆ. ಅವತ್ತು ಒಂದು ಚಪ್ಪಲಿ ಗೋಡೆಗೆ ಬಡಿಯಿತು.

"ಆ ಮನುಷ್ಯನಿಗೆ ಹೇಗೆ ಹೇಳಲಿ ಅತ್ತೆ? ಇಂಧನ ರಾಕೆಟ್ಟಿನ ಕೊಳವೆಗೆ ಒಳಗಿನಿಂದ ಅಂಟಿಕೊಂಡಿರತ್ತೆ. ಚಳಿಗೆ ಕುಗ್ಗೋಣ ಅಂದ್ರೆ ಕೊಳವೆ ಬಿಡಲ್ಲ. ಹಾಗೆ ಬಿಗಿದುಕೊಂಡಿರುವಾಗ ಬೆಂಕಿ ಹಚ್ಚಿದ್ರೆ ಒಂದೇ ಏಟಿಗೆ ಒತ್ತಡ, ಬಿರುಕು! ಬಿರುಕಿನೊಳಗೂ ಬೆಂಕಿ ನುಗ್ಗಿದ್ರೆ ಕೊಳವೆಯೇ ಸಿಡಿಯತ್ತೆ. ನಾವೋ, ಬೆಚ್ಚಗಿನ ಕೋಣೇಲಿ ಕೂತು ನಿಧಾನಕ್ಕೆ ಎಳೀತೀವಿ. ಚಳೀಲಿಟ್ಟು, ವೇಗವಾಗಿ ಎಳೆದು ನೋಡ್ಬೇಕು."

"ಸಾಹೇಬರು ಏನಂದ್ರು?"

"ನಿಯಮದಲ್ಲಿ ಇಲ್ಲಮ್ಮ ಅಂದ್ರು. ಏಳು ಅರ್ಜಿ ಕೊಟ್ಟಾಯ್ತು."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಮುಂದಿನ ವಾರವೇ ಆ ಇಂಧನದ ಕೊಳವೆಯೊಂದನ್ನು ಚಳಿಗಿಟ್ಟು ಉರಿಸುವವರಿದ್ದರು. ಅಷ್ಟರೊಳಗೆ ತಡೆಯಬೇಕೆಂದು ಇವಳ ಹಟ. ಊಟದ ಬಿಡುವಿನಲ್ಲಿ ಎಂಟು ತುಂಡುಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು, ವೇಗವಾಗಿ ಎಳೆದಳು. ಎಂಟೂ ಹಿಗ್ಗದೆ ಪಟಕ್ಕನೆ ಮುರಿದವು. ತಟ್ಟೆಯಲ್ಲಿ ಜೋಡಿಸಿ ಸಾಹೇಬರ ಮುಂದಿಟ್ಟಳು.

"ಕತ್ತರಿಸುವಾಗ ಗೀರು ಬಿದ್ದಿದೆ, ಬಿಡು."

"ಎಂಟಕ್ಕೆಂಟೂ ಒಂದೇ ಥರ ಗೀರೋಕೆ ನಾನೇನು ಯಂತ್ರಾನಾ ಸರ್?"

"ಜಗ್ಗಮ್ಮ, ಮನೇಲಿ ಅತ್ತೇನೂ ಹೀಗೇ ಜಗ್ತೀಯಾ?" ಎಂದರಂತೆ. ಕೋಣೆಯೆಲ್ಲ ನಕ್ಕಿತಂತೆ.

ಉರಿಸಿದರು. ಎರಡು ಸೆಕೆಂಡಿಗೆ ಕೊಳವೆ ಸೀಳಿಹೋಯಿತು. ಎಲ್ಲರೂ ದಪ್ಪ ಗೋಡೆಯ ಹಿಂದೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

"ಈಗಲಾದ್ರೂ ಬುದ್ಧಿ ಬಂತಾ ಅವರಿಗೆ?" ಎಂದೆ.

"ನಮ್ಮೆಲ್ಲರ ಮೂರು ತಿಂಗಳ ಕೆಲಸ ಬೂದಿ ಆಯ್ತು ಅತ್ತೆ. ಗೆದ್ದೆ ಅಂತ ಕುಣೀಲಾ?"

ತಿಂಗಳ ಮೇಲೆ ಹೊಸ ನಿಯಮ ಬಂತು. ನನಗೂ ಓದಿ ಹೇಳಿದಳು. ಇನ್ನು ಮುಂದೆ ಚಳಿಯಲ್ಲೇ ಎಳೆಯಬೇಕು. ವೇಗ ಮಾತ್ರ ಹಿಂದಿನದೇ, ನಿಧಾನ.

ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಕಾಗದ ತೆಗೆದಳು.

"ಈ ಸಲ ವೇಗದ ಮಾತನ್ನ ಮೊದಲನೇ ಸಾಲಲ್ಲೇ ಬರಿ," ಎಂದೆ.

"ಯಾಕತ್ತೆ?"

"ಹೋದ ಸಲ ಮೊದಲನೇ ಸಾಲಲ್ಲಿ ಚಳಿ ಇತ್ತಲ್ಲ. ಅವರು ಅಷ್ಟೇ ಓದಿದ್ದು."