ಯಾವೂರಮ್ಮ, ಯಾರ ಮಗಳು?

ಕೋವಿಡ್ ಕಾಟ ಮುಗಿದು ಕಾಲೇಜುಗಳು ಪೂರ್ತಿ ಬಾಗಿಲು ತೆರೆದ ಮರುವರ್ಷ ನಾನು ಮಂಡ್ಯದ ಒಂದು ಸೇವಾ ಸಂಸ್ಥೆಯಲ್ಲಿ ಕಾರ್ಯಕ್ರಮ ಸಂಯೋಜಕಿಯಾಗಿದ್ದೆ. ನನ್ನ ಓದು ಮನೋವೈದ್ಯಕೀಯ ಸಮಾಜಕಾರ್ಯ. ಅಂದರೆ ಮನಸ್ಸಿನ ಕಾಯಿಲೆಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರೆ, ಆ ರೋಗಿಯ ಮನೆ, ಓದು, ಕೆಲಸ, ನೆಂಟಸ್ತಿಕೆ ಇವೆಲ್ಲದರ ಗೋಜಲು ಬಿಡಿಸುವವರು ನಾವು. ಸರ್ಕಾರಿ ಆಸ್ಪತ್ರೆಯಲ್ಲಿ ಆಯಸ್ಸು ಸವೆಸಿ ನಿವೃತ್ತಳಾದ ಮೇಲೆ ಈ ಸಂಸ್ಥೆಯವರು ಕರೆದರು, ಹೋದೆ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಮನೆಯವರಿಗೂ ನಾನು ಹೊರಗಿದ್ದರೇ ನೆಮ್ಮದಿ.

ವಿಶ್ವವಿದ್ಯಾಲಯ ಮಟ್ಟದ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ನಮ್ಮ ಯೋಜನೆಯ ವಿಷಯ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಡಿಗ್ರಿ ಕಾಲೇಜುಗಳ ಪಕ್ಕದಲ್ಲಿ ಒಂದೊಂದು ಕೋಣೆ ಹಿಡಿದು, ಬಣ್ಣ ಹೊಡೆಸಿ, ಒಬ್ಬೊಬ್ಬ ಆಪ್ತಸಮಾಲೋಚಕಿಯನ್ನು ಕೂರಿಸಿದ್ದೆವು. ಮಂಡ್ಯದ ಕೋಣೆಯಲ್ಲಿದ್ದವಳು ಜಯಲಕ್ಷ್ಮಿ. ಹೈಸ್ಕೂಲು ಮೇಡಂ ಆಗಿ ನಿವೃತ್ತಳಾಗಿ, ಆಮೇಲೆ ಸಮಾಲೋಚನೆಯ ಕೋರ್ಸು ಮುಗಿಸಿದವಳು, ನನ್ನ ಹಳೇ ಗೆಳತಿ. ಮಂಡ್ಯ ಪೇಟೆಯಲ್ಲಿ ಅವಳ ಜೊತೆ ತರಕಾರಿಗೆ ಹೋದರೆ ಮುಗಿಯಿತು, ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ. ಕೋಣೆಗೆ ಯಾರು ಬಂದರೂ ಭುಜ ತಟ್ಟಿ ಕೂರಿಸಿ, "ಯಾವೂರಮ್ಮ? ಯಾರ ಮಗಳು?" ಎಂದು ಶುರುಮಾಡುತ್ತಿದ್ದಳು. ಇದಕ್ಕೆ ನಮ್ಮ ಭಾಷೆಯಲ್ಲಿ ರ‍್ಯಾಪೋ ಅನ್ನುತ್ತಾರೆ. ಕಷ್ಟ ಕೇಳುವ ಮೊದಲು ಬಂದವರ ಜೊತೆ ಒಂದು ಸಲಿಗೆ ಬೆಳೆಸಿಕೊಳ್ಳುವುದು. ನಮ್ಮ ತರಬೇತಿಯ ಕೈಪಿಡಿಯಲ್ಲೇ ಅದಿತ್ತು. ಬೆಂಗಳೂರಿನಿಂದ ಬಂದ ತರಬೇತುದಾರರಿಗೂ ಅದು ಬಹಳ ಹಿಡಿಸಿತ್ತು.

ಇಷ್ಟೆಲ್ಲ ಆದರೂ ಕೋಣೆಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಬಂದ ಒಬ್ಬಿಬ್ಬರೂ ಎರಡನೇ ಸಲ ಬರುತ್ತಿರಲಿಲ್ಲ. ಹಣ ಕೊಡುವ ಪ್ರತಿಷ್ಠಾನದವರು ಕಾರಣ ಕೇಳಿದರು. ಆಮೇಲೆ ಒಂದು ಷರತ್ತು ಹಾಕಿದರು: ವಿದ್ಯಾರ್ಥಿಗಳದೇ ಒಂದು ಸಲಹಾ ಗುಂಪು ಮಾಡಿ, ಯೋಜನೆ ಹೇಗೆ ನಡೆಯಬೇಕೆಂದು ಅವರು ಹೇಳಲಿ. ಸರಿ, ಮಾಡಿದರಾಯ್ತು ಅಂದುಕೊಂಡೆ. ಹುಡುಗರು ಬರುತ್ತಾರೆ, ಎರಡು ಪೋಸ್ಟರ್ ಬರೆಯುತ್ತಾರೆ, ಬೋಂಡಾ ತಿಂದು ಹೋಗುತ್ತಾರೆ, ಇಷ್ಟೇ ನನ್ನ ಲೆಕ್ಕಾಚಾರ.

ಮೊದಲ ಸಭೆ ಮಂಡ್ಯದ ಕೋಣೆಯಲ್ಲೇ ನಡೆಯಿತು. ಅವತ್ತು ಜಯಲಕ್ಷ್ಮಿ ಬೇಕೆಂದೇ ಬಂದಿರಲಿಲ್ಲ, ಮಕ್ಕಳು ಸಂಕೋಚವಿಲ್ಲದೆ ಮಾತಾಡಲಿ ಎಂದು. ಬಂದವರಲ್ಲಿ ಇಬ್ಬರು ಇನ್ನೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಒಬ್ಬ ವೈದ್ಯನಾಥಪುರದ ಮಂಜು, ಕೊನೇ ವರ್ಷದ ಬಿ.ಕಾಂ., ಮಹಾ ತರಲೆ. ಇನ್ನೊಬ್ಬಳು ಚಂದನ, ಎರಡನೇ ವರ್ಷದ ಬಿ.ಎಸ್ಸಿ., ಬಂದಾಗಿನಿಂದ ತುಟಿ ಬಿಚ್ಚದವಳು.

"ಯಾಕೆ ಯಾರೂ ಬರ್ತಿಲ್ಲ? ಪ್ರಚಾರ ಸಾಲದಾ?" ಎಂದು ಕೇಳಿದೆ.

"ಪ್ರಚಾರ ಎಲ್ಲ ಜೋರಾಗೇ ಐತೆ ಮೇಡಂ," ಅಂದ ಮಂಜು. "ಒಂದ್ ಕೆಲ್ಸ ಮಾಡಿ. ನೀವು ಆ ಕಡೆ ಕುರ್ಚೀಲಿ ಕೂತ್ಕಳಿ, ಕಷ್ಟ ಯೋಳ್ಕಳಕ್ಕೆ ಬಂದೋರಂಗೆ. ನಾನು ಈ ಕಡೆ ಕೂತ್ಕತ್ತೀನಿ. ಆಟ ಅಂದ್ಕಳಿ."

ಆಗಲಿ ಎಂದು ಕೂತೆ. ಅವನು ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡು, ಥೇಟ್ ಜಯಲಕ್ಷ್ಮಿಯ ಹಾಗೆ ತಲೆ ವಾಲಿಸಿದ.

"ಯಾವೂರವ್ವ?"

"ಮಂಡ್ಯ."

"ಅಯ್ಯೋ, ಅದು ಈಗ ಇರೋ ಊರು. ಮೂಲ ಯಾವೂರು?"

"ಶಿವಪುರದ ಹತ್ತಿರ," ಎಂದು ಊರಿನ ಹೆಸರು ಹೇಳಿದೆ.

"ಅಲ್ಲಿ ಯಾರ ಮನೆ?"

ಅಪ್ಪನ ಹೆಸರು ಹೇಳಿದೆ. ಹುಡುಗನ ಮುಖ ಅರಳಿತು. "ಅಯ್, ಅವ್ರ ಮಗಳಾ! ನಮ್ಮ ಸೋದರತ್ತೇನ ಕೊಟ್ಟಿರೋದು ನಿಮ್ಮಣ್ಣನ ಬಾಮೈದಂಗೆ ಕಣಿ! ವರಸೇಲಿ ನೀವೂ ನಂಗೆ ಅತ್ತೇನೇ ಆಯ್ಬೇಕು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಹೇಳಿದ್ದು ನಿಜವೇ ಆಗಿತ್ತು, ಅದಕ್ಕೆ ನಾನೂ ನಕ್ಕೆ. ನಗು ಇಳಿಯುವ ತನಕ ಕಾದು, ಮಂಜು ಮುಂದಕ್ಕೆ ಬಾಗಿದ. ಈಗ ಅವನ ಮುಖದಲ್ಲಿ ತರಲೆ ಇರಲಿಲ್ಲ.

"ಈಗ ಯೋಳಿ ಅತ್ತೆ. ನಿಮ್ಗೇನ್ ಕಷ್ಟ?"

ನಿದ್ದೆ ಬರುತ್ತಿಲ್ಲ ಎಂದೋ, ಪರೀಕ್ಷೆ ಭಯ ಎಂದೋ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆಟ ತಾನೆ? ಸತ್ಯವಾಗಿ ಹೇಳುತ್ತೇನೆ, ನನಗೆ ನಾಲಿಗೆ ಹೊರಳಲಿಲ್ಲ. ನಾನೇನು ಹೇಳಿದರೂ ಅದು ಇವನ ಸೋದರತ್ತೆಯ ಕಿವಿಗೆ, ಅಲ್ಲಿಂದ ನಮ್ಮಣ್ಣನ ಮನೆ ಜಗಲಿಗೆ, ಅಲ್ಲಿಂದ ಮುಂದಿನ ಮದುವೆಯ ಊಟದ ಪಂಕ್ತಿಗೆ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಇಡೀ ಆಯಸ್ಸು ಬೇರೆಯವರನ್ನು ಮಾತಾಡಿಸಿಯೇ ಅನ್ನ ತಿಂದವಳು ನಾನು, ಬಾಯಿ ಕಟ್ಟಿದಂತೆ ಕೂತುಬಿಟ್ಟೆ.

"ನೋಡುದ್ರಾ?" ಅಂದ ಮಂಜು. "ಇಷ್ಟೇ ಮೇಡಂ."

ಆಗ ಚಂದನ ಬಾಯಿ ಬಿಟ್ಟಳು. "ನನ್ ಫ್ರೆಂಡು ಇದೇ ಕುರ್ಚೀಲಿ ಕೂತಿದ್ಲು." ಅಷ್ಟು ಹೇಳಿ ಅಳತೊಡಗಿದಳು. ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ.

ಆ ಗೆಳತಿಯನ್ನು ಸುಮ ಎಂದು ಕರೆಯೋಣ, ನಿಜವಾದ ಹೆಸರಲ್ಲ. ಶಿವನಸಮುದ್ರದ ಕಡೆಯ ಹಳ್ಳಿ, ವ್ಯವಸಾಯದ ಮನೆ. ದಿನಾ ಬಸ್ಸಿನಲ್ಲಿ ಓಡಾಡುವುದು ದೂರವೆಂದು ಮಂಡ್ಯದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಚಿಕ್ಕಮ್ಮ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಚಿಕ್ಕಪ್ಪನ ಕೈ ಇವಳ ಮೈಮೇಲೆ ಬರುತ್ತಿತ್ತು. ಯಾರಿಗೂ ಹೇಳಲಾರದೆ, ಕೊನೆಗೆ ಧೈರ್ಯ ಮಾಡಿ ನಮ್ಮ ಕೋಣೆಗೆ ಬಂದಿದ್ದಾಳೆ. ಜಯಲಕ್ಷ್ಮಿ ಭುಜ ತಟ್ಟಿ ಕೂರಿಸಿ ಊರು ಕೇಳಿದ್ದಾಳೆ, ಮನೆ ಕೇಳಿದ್ದಾಳೆ, ಮಂಡ್ಯದಲ್ಲಿ ಯಾರ ಮನೆಯಲ್ಲಿದ್ದೀಯ ಎಂದು ಕೇಳಿದ್ದಾಳೆ. ಚಿಕ್ಕಪ್ಪನ ಹೆಸರು ಹೇಳಿದ್ದೇ ತಡ, "ಅಯ್ಯೋ, ಅವರಾ! ನಮ್ಮ ಯಜಮಾನರ ಜೊತೇಲೇ ಕೆಲಸ ಮಾಡಿದೋರು. ದೇವರಂಥ ಮನುಷ್ಯ! ಅಂಥವರ ಮನೇಲಿದ್ದೀಯ, ನಿನಗೇನು ಕೊರತೆ ಮಗು?" ಅಂದಿದ್ದಾಳೆ. ಸುಮ ತಲೆನೋವು, ಮಾತ್ರೆ ಇದ್ದರೆ ಕೊಡಿ ಎಂದು ಕೇಳಿ ಎದ್ದು ಬಂದಿದ್ದಾಳೆ.

"ಈಗೆಲ್ಲಿದ್ದಾಳೆ?" ಎಂದು ಕೇಳಿದೆ.

"ಊರಲ್ಲಿ. ಇವ್ಳು ಯಾವ್ದೋ ಉಡುಗನ್ ಜೊತೆ ತಿರುಗ್ತಾವ್ಳೆ ಅಂತ ಅವ್ರ ಚಿಕ್ಕಪ್ಪ ಅಪ್ಪಂಗೆ ಚಾಡಿ ಯೋಳವ್ರೆ. ಕಾಲೇಜು ಬುಡಿಸವ್ರೆ, ಫೋನ್ ಕಿತ್ಕಂಡವ್ರೆ. ಗಂಡು ನೋಡ್ತಾವ್ರಂತೆ. ಬೆಳಿಗ್ಗೆ ಅವ್ರವ್ವನ ಫೋನಿಂದ ಮೆಸೇಜ್ ಮಾಡಿದ್ಲು ಮೇಡಂ." ಚಂದನ ಫೋನು ನನ್ನ ಮುಂದೆ ಹಿಡಿದಳು. ನನ್ನ ಪ್ರಾಕ್ಟಿಕಲ್ ರೆಕಾರ್ಡು, ವಾಚು ಎರಡೂ ನೀನೇ ಇಟ್ಟುಕೋ, ನನಗಿನ್ನು ಬೇಡ, ಎಂದಷ್ಟೇ ಇತ್ತು.

ಮುದ್ದಿನ ವಸ್ತುಗಳನ್ನು ಇದ್ದಕ್ಕಿದ್ದಂತೆ ಯಾರಿಗಾದರೂ ಕೊಟ್ಟುಬಿಡುವುದನ್ನು ನಾವು ವಾರ್ನಿಂಗ್ ಸೈನ್ ಅನ್ನುತ್ತೇವೆ. ಜೀವ ಬೇಡವೆನಿಸಿದವರು ತೋರುವ ಸೂಚನೆ ಅದು. ಆಸ್ಪತ್ರೆಯಲ್ಲಿ ಇಂಥದನ್ನು ಕಂಡಿದ್ದೆ. ಕೆಲವೊಮ್ಮೆ ತಡವಾಗಿ ಕಂಡಿದ್ದೆ.

ಆದರೆ ಒಂದು ನನಗೆ ಅರ್ಥವಾಗಲಿಲ್ಲ. ಅವಳು ನಮ್ಮ ಕೋಣೆಗೆ ಬಂದದ್ದರ ಬೆನ್ನಲ್ಲೇ ಚಿಕ್ಕಪ್ಪ ಯಾಕೆ ಹೀಗೆ ಮಾಡಿದ? ಜಯಲಕ್ಷ್ಮಿಗೆ ಫೋನ್ ಮಾಡಿದೆ. ಚಿಕ್ಕಪ್ಪನ ಮಾತು ಎತ್ತದೆ, ಇಂಥ ಹುಡುಗಿ ಬಂದಿದ್ದಳಾ ಎಂದಷ್ಟೇ ಕೇಳಿದೆ.

"ಹ್ಞೂ ಕಣೇ, ಬಂದಿತ್ತು ಪಾಪ! ಅವರ ಚಿಕ್ಕಪ್ಪ ಒಂದು ಮದುವೆ ಮನೇಲಿ ಸಿಕ್ಕಿದ್ರು. ಮಗು ನಮ್ಮ ರೂಮಿಗೆ ಬಂದಿತ್ತು, ಯಾಕೋ ಸಪ್ಪಗಿತ್ತು, ಸ್ವಲ್ಪ ನೋಡ್ಕೊಳ್ಳಿ ಅಂದೆ. ಅಷ್ಟೇ. ಇನ್ನೊಂದಕ್ಷರ ಹೇಳಿಲ್ಲಪ್ಪ, ಗೌಪ್ಯತೆ ಅಂದ್ರೇನು ಅಂತ ನನಗೆ ಗೊತ್ತಿಲ್ವೇ?"

ಹುಡುಗಿ ಎಲ್ಲಿ ಬಾಯಿ ಬಿಟ್ಟಳೋ ಎಂದು ಹೆದರಿ ಅವನೇ ಮೊದಲು ಚಾಡಿ ಹೇಳಿದ್ದ. ನೀನೇನು ಮಾಡಿದೆ ಗೊತ್ತಾ ಎಂದು ಜಯಲಕ್ಷ್ಮಿಗೆ ಕಿರುಚಬೇಕೆನ್ನಿಸಿತು. ಆದರೆ ಆ ಹುಡುಗಿಯ ವಿಷಯ ಜಯಲಕ್ಷ್ಮಿಗೆ ಹೇಳುವ ಹಕ್ಕು ನನಗೂ ಇರಲಿಲ್ಲ. ನಾಳೆಯಿಂದ ಕೋಣೆ ತೆರೆಯಬೇಡ ಎಂದು ಹೇಳಿ ಫೋನ್ ಇಟ್ಟೆ.

"ಏಳು, ನಾನೇ ಹೋಗ್ತೀನಿ ಆ ಊರಿಗೆ," ಎಂದು ಚಂದನಳಿಗೆ ಹೇಳಿದೆ. ಪ್ರಾಣಕ್ಕೆ ಅಪಾಯವಿದ್ದಾಗ ಗುಟ್ಟು ಕಾಯುವ ನಿಯಮವನ್ನು ಸಡಿಲಿಸಬಹುದು, ಸಡಿಲಿಸಲೇಬೇಕು.

ಹುಡುಗಿ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. "ನೀವು ಬರ್ಬ್ಯಾಡಿ ಮೇಡಂ. ನೀವು ಕಾರಿಂದ ಇಳಿಯೋದ್ರೊಳ್ಗೆ ಯಾರ ಪೈಕಿ ಅಂತ ಕಂಡಿಡಿದ್ಬುಡ್ತಾರೆ. ಆಮೇಲೆ ಅವ್ಳು ಬಾಯಿ ಬುಡಲ್ಲ."

"ಮತ್ತೆ ಯಾರು ಹೋಗ್ಬೇಕು?"

"ಮಳವಳ್ಳಿ ರೂಮಲ್ಲಿ ಒಬ್ರವ್ರಲ್ಲ, ಕಲಬುರಗಿ ಕಡೆಯೋರು. ಅವ್ರು."

ಮಹಾದೇವಿ! ಆ ಹುಡುಗಿಯ ಮಾತು ಇಲ್ಲಿನ ಮಕ್ಕಳಿಗೆ ತಿಳಿಯುವುದಿಲ್ಲ, ಬೇರೆಯವರನ್ನು ಹಾಕಿ ಎಂದು ನಾನೇ ಆಫೀಸಿಗೆ ಹೇಳಿ ಆಗಿತ್ತು. "ಅವ್ರ ಮಾತು ಯಾರಿಗೂ ಅರ್ಥ ಆಗಲ್ಲ ಕಣಮ್ಮ," ಅಂದೆ.

"ಅರ್ಥ ಆಯ್ತದೆ ಬುಡಿ ಮೇಡಂ. ಅವ್ರಿಗೆ ಈ ಜಿಲ್ಲೇಲಿ ಒಬ್ರೂ ನೆಂಟ್ರಿಲ್ಲ. ನಮ್ಗೆ ಬೇಕಾಗಿರೋದು ಅದೇ."

ರೆಕಾರ್ಡು, ವಾಚು ವಾಪಸ್ ಕೊಡುವ ನೆಪದಲ್ಲಿ ಚಂದನ, ಅವಳ ಜೊತೆಗೆ ಮಹಾದೇವಿ, ಇಬ್ಬರೂ ಅವತ್ತೇ ಆ ಮನೆಗೆ ಹೋದರು. ನಾನು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ಫೋನು ಕೈಯಲ್ಲೇ ಇತ್ತು. ಬಸ್ಸು ಯಾಕೆ ಇಲ್ಲಿ ನಿಲ್ಲಿಸಿದ್ದೀಯ ಎಂದು ಒಬ್ಬ ಕಂಡಕ್ಟರನನ್ನು ಸುಮ್ಮಸುಮ್ಮನೆ ಬೈದೆ. ಪಾಪ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸದೆ ಅವನು ಇನ್ನೇನು ಮಾಡಬೇಕಿತ್ತು!

ಆ ಮನೆಯಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಸುಮಳ ತಾಯಿ ಎಲ್ಲರಂತೆ ಮಹಾದೇವಿಯನ್ನೂ ಯಾವೂರು ಎಂದು ಕೇಳಿದ್ದಾಳೆ. ಕಲಬುರಗಿ ಎಂದ ಮೇಲೆ ಮುಂದೆ ಕೇಳಲು ಅವಳಿಗೆ ಏನೂ ಉಳಿಯದೆ ಕಾಫಿಗೆ ಇಡಲು ಒಳಗೆ ಹೋಗಿದ್ದಾಳೆ. ಹಿತ್ತಿಲಲ್ಲಿ ಮಹಾದೇವಿ ಸುಮಳ ಪಕ್ಕ ಕೂತು, "ಊಟ ಮಾಡೀಯೇನವ್ವಾ?" ಎಂದಷ್ಟೇ ಕೇಳಿ ಸುಮ್ಮನಾದಳಂತೆ. ಬಹಳ ಹೊತ್ತಿನ ಮೇಲೆ ಸುಮಳೇ, "ನಿಮ್ಗೆ ನಮ್ ಚಿಕ್ಕಪ್ಪ ಗೊತ್ತಾ?" ಅಂದಳಂತೆ. "ಇಲ್ಲವ್ವಾ. ನನಗ ಇಲ್ಲಿ ಯಾರೂ ಗೊತ್ತಿಲ್ಲ." ಅಷ್ಟು ಸಾಕಾಯಿತು. ಕಟ್ಟೆ ಒಡೆದ ಹಾಗೆ ಎಲ್ಲ ಬಂತು.

ಕೊನೆಗೂ ನನ್ನ ಫೋನು ಸದ್ದು ಮಾಡಿತು. "ಮೇಡಮ್ಮರ, ಹುಡುಗಿ ಮಾತಾಡ್ಯಾಳ್ರಿ," ಅಂದಳು ಮಹಾದೇವಿ. "ನಾಳಿಗೆ ಬರೋಣು ಅಂದಿದ್ರ ಆಕಿ ಜೀವಂತ ಸಿಗ್ತಿರಲಿಲ್ರಿ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಜನರೆದುರಿಗೇ ಅತ್ತುಬಿಟ್ಟೆ.

ಸುಮಳ ಒಪ್ಪಿಗೆ ಪಡೆದು ಅವತ್ತೇ ತಂದೆತಾಯಿಗೆ ವಿಷಯ ತಿಳಿಸಿದರು. ಅಪ್ಪ ರೇಗಾಡುತ್ತಾನೆ, ಹೊಡೆಯುತ್ತಾನೆ ಎಂದು ಎಲ್ಲರೂ ಹೆದರಿದ್ದರು. ಅವನು ಮಂಕಾಗಿ ಕೂತ. "ಯಾವ್ದೋ ಊರಿನ್ ಎಂಗ್ಸಿಗೆ ಯೋಳ್ತಾಳೆ. ನನ್ಗೆ ಯಾಕ್ ಯೋಳ್ನಿಲ್ಲ ನನ್ ಮಗ್ಳು?" ಅಂದ.

"ನೀನು ಅವುನ್ನ ದೇವ್ರು ದೇವ್ರು ಅಂತಿದ್ದಲ್ಲ, ಅದ್ಕೇ," ಅಂದಳು ತಾಯಿ.

ಸುಮಳಿಗೆ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಪೊಲೀಸರಿಗೆ ದೂರು ಕೊಡುವ ನಿರ್ಧಾರ ಅವಳದೇ. ಠಾಣೆಗೆ ಅಪ್ಪನೇ ಜೊತೆಗೆ ಬಂದ.

ಆಮೇಲೆ ಆ ಗುಂಪಿನ ಹುಡುಗರು ನಮ್ಮ ಕೆಲಸವನ್ನೇ ತಲೆಕೆಳಗು ಮಾಡಿದರು. ಊರು, ಮನೆ, ಅಪ್ಪನ ಹೆಸರು ಯಾರೂ ಕೇಳಕೂಡದು. ಮಂಡ್ಯದವರು ಬೇಕೆಂದರೆ ಮದ್ದೂರಿನ ಕೋಣೆಗೆ ಹೋಗಬಹುದು, ಮದ್ದೂರಿನವರು ಮಳವಳ್ಳಿಗೆ. ಸಮಾಲೋಚಕರನ್ನು ಆರಿಸುವ ಸಂದರ್ಶನದಲ್ಲಿ ಕೊನೆಯ ಮಾತು ವಿದ್ಯಾರ್ಥಿಗಳದು. ಈ ಕೊನೆಯದಕ್ಕೆ ನಮ್ಮ ಟ್ರಸ್ಟಿಗಳು ಕೆಂಡಾಮಂಡಲವಾದರು. ನಾನೂ ಬಿಡಲಿಲ್ಲ, ಟೇಬಲ್ ಗುದ್ದಿ ಜಗಳವಾಡಿ ಒಪ್ಪಿಸಿದೆ. ನಿಧಾನಕ್ಕೆ ಮಕ್ಕಳು ಬರತೊಡಗಿದರು. ಬಂದವರು ಮತ್ತೆ ಬಂದರು.

ಮರುವರ್ಷ ಸುಮ ತಾನಾಗಿಯೇ ಆ ಗುಂಪಿಗೆ ಸೇರಿದಳು. ಅದೇ ವರ್ಷ ಮಂಡ್ಯದ ಕೋಣೆಗೆ ಸಂದರ್ಶನ ಇಟ್ಟಾಗ ಅರ್ಜಿ ಹಾಕಿದವರಲ್ಲಿ ಜಯಲಕ್ಷ್ಮಿಯೂ ಒಬ್ಬಳು. ಪೊಲೀಸು ದೂರಿನಿಂದ ಅವಳಿಗೆ ಎಲ್ಲ ತಿಳಿದಿತ್ತು. ತಿಂಗಳುಗಟ್ಟಲೆ ಕೊರಗಿದ್ದಳು, ಹೊಸದಾಗಿ ತರಬೇತಿ ಮುಗಿಸಿದ್ದಳು. ನನಗೆ ಸಂಕಟವಾಯಿತು. ಅವತ್ತಿನ ಮಟ್ಟಿಗೆ ನೀನು ಬರಬೇಡಮ್ಮ ಎಂದು ಸುಮಳಿಗೆ ಹೇಳಿದೆ.

"ಇಲ್ಲ ಮೇಡಂ. ನಾನೇ ಕೂತ್ಕತ್ತೀನಿ," ಅಂದಳು.

ಮಂಜು ಅವತ್ತು ಆಡಿಸಿದ ಆಟವೇ ಈಗ ಸಂದರ್ಶನದ ಪರೀಕ್ಷೆಯಾಗಿತ್ತು. ಕಷ್ಟ ಹೇಳಿಕೊಳ್ಳುವವರ ಕುರ್ಚಿಯಲ್ಲಿ ಸುಮ ಕೂತಳು, ಎದುರಿಗೆ ಜಯಲಕ್ಷ್ಮಿ. ಅವಳು ಊರು ಕೇಳಲಿಲ್ಲ. ಯಾರ ಮಗಳು ಎಂದು ಕೇಳಲಿಲ್ಲ. ನೀರಿನ ಲೋಟ ಮುಂದಿಟ್ಟು, "ಹೇಳ್ಬೇಕು ಅನ್ನಿಸಿದ್ರೆ ಹೇಳಮ್ಮ. ಇಲ್ದಿದ್ರೆ ಸುಮ್ನೆ ಕೂತಿರೋಣ," ಅಂದಳು. ಒಂದೇ ಒಂದು ತಪ್ಪಿಲ್ಲ. ನಾನು ಮನಸ್ಸಿನಲ್ಲೇ ಅವಳನ್ನು ಪಾಸು ಮಾಡಿಬಿಟ್ಟಿದ್ದೆ.

ಸುಮ ಲೋಟ ಎತ್ತಿ ನೀರು ಕುಡಿದಳು. "ನಿಮ್ ಮೇಲೆ ನಂಗೆ ಕ್ವಾಪ ಇಲ್ಲ ಕಣಿ ಮೇಡಂ. ನೀವು ಒಳ್ಳೇರೇಯ. ಆದ್ರೆ ಆ ಕುರ್ಚಿಗೆ ನೀವು ಬ್ಯಾಡ."

ಜಯಲಕ್ಷ್ಮಿ ನನ್ನ ಮುಖ ನೋಡಿದಳು. ನಾನೊಂದು ಮಾತು ಹೇಳಲಿ ಎಂದಿರಬೇಕು. ಇಷ್ಟು ವರ್ಷದ ಗೆಳೆತನ ನಮ್ಮದು. ಆದರೂ ನಾನು ಬಾಯಿ ಬಿಡಲಿಲ್ಲ. ಆ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಹೇಳುವ ಹಕ್ಕು ಎದುರು ಕೂತು ನೋವು ಹೇಳಿಕೊಳ್ಳುವವರದೇ ಹೊರತು ನಮ್ಮಂಥವರದಲ್ಲ. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ದೊಡ್ಡದು ಇದು, ಕಲಿಸಿದವರು ಇಪ್ಪತ್ತರ ಆಸುಪಾಸಿನ ಮಕ್ಕಳು.

ಜಯಲಕ್ಷ್ಮಿ ಸೆರಗು ಸರಿಮಾಡಿಕೊಂಡು ಎದ್ದಳು. "ಆಗ್ಲಿ ಮಗು, ಒಳ್ಳೇದಾಗ್ಲಿ," ಎಂದು ಹೊರಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ಮುಂದಿನ ಅಭ್ಯರ್ಥಿ, ಎಳೇ ವಯಸ್ಸಿನ ಒಬ್ಬ ಹುಡುಗಿ, ಹೊರಗೆ ಬೆಂಚಿನ ಮೇಲೆ ಬೆವರುತ್ತ ಕೂತಿದ್ದಳು. ಜಯಲಕ್ಷ್ಮಿ ಅವಳ ಮುಂದೆ ನಿಂತು ಪ್ರೀತಿಯಿಂದ ಭುಜ ತಟ್ಟಿದಳು.

"ಹೆದರ್ಕೋಬೇಡ ಕಣಮ್ಮ," ಅಂದಳು. "ಯಾವೂರು ನಿಂದು? ಯಾರ ಮಗಳು?"

ಒಳಗೆ ನಮಗೆಲ್ಲ ಅದು ಕೇಳಿಸಿತು. ಸುಮ ಖಾಲಿ ಲೋಟ ಪಕ್ಕಕ್ಕೆ ಸರಿಸಿದಳು.

"ಮುಂದಿನೋರ್ನ ಕರೀರಿ ಮೇಡಂ," ಅಂದಳು.