ಅಂಗಾತ ಮಲಗಿದ ಹುಳ

ಪುಣೆಯಲ್ಲಿ ಕೀಟಗಳನ್ನು ವಿಂಗಡಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲೇ ನಮ್ಮ ಹಿರಿಯ ಅಧಿಕಾರಿಯ ಜೊತೆ ಜಗಳ ತೆಗೆದೆ. ಸಂಜೆ ಮುಠಾ ನದಿಯ ದಂಡೆಯಲ್ಲಿ ಗುಂಪುಗುಂಪಾಗಿ ಹಾರುವ ಎಳ್ಳುಕಾಳಿನಷ್ಟು ಹುಳಗಳನ್ನು ಅವರು ನುಸಿಗಳ ಪೆಟ್ಟಿಗೆಗೆ ಸೇರಿಸಿದ್ದರು. ಅಂಥದೊಂದು ಹುಳ ಇರುವೆಯನ್ನು ಹಿಡಿದು ಹೀರುವುದನ್ನು ನಾನು ಕಣ್ಣಾರೆ ಕಂಡಿದ್ದೆ.

"ಇದು ತಿಗಣೆಯ ಬಳಗರೀ," ಎಂದೆ.

ಅವರೂ ನಮ್ಮ ಧಾರವಾಡದ ಕಡೆಯವರೇ. "ನಾ ನುಸಿ ಅಂದ್ರ ನುಸಿ," ಎಂದರು.

ನನಗೆ ರೇಗಿತು. ಸಣ್ಣ ಹುಳವನ್ನು ಹೊಟ್ಟೆ ಕೆಳಗೆ ಮಾಡಿ ಗೋಂದಿನಿಂದ ಕಾರ್ಡಿಗೆ ಅಂಟಿಸುವುದು ನಮ್ಮಲ್ಲಿ ರೂಢಿ. ಬಾಯಿ ಗೋಂದಿನಲ್ಲಿ ಹೂತ ಮೇಲೆ ಅದು ಏನು ತಿನ್ನುತ್ತದೆಂದು ಯಾರಿಗೆ ಕಾಣಬೇಕು? ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿ, ಅಂಗಾತ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚುಚ್ಚಿ ಹೀರುವ ಕೊಕ್ಕು ಕಂಡಿತು, ಬೇಟೆ ಹಿಡಿಯುವ ದಪ್ಪ ಮುಂಗಾಲು ಕಂಡಿತು. ಸೂಜಿಮೊನೆಯಿಂದ ರೆಕ್ಕೆ ಬಿಡಿಸಿದರೆ ನಾಲ್ಕಿದ್ದವು. ನುಸಿಗಿರುವುದು ಎರಡೇ; ಮಂಚದ ತಿಗಣೆಗೆ ರೆಕ್ಕೆ ಇಲ್ಲದಿದ್ದರೂ ಅದರ ಬಳಗದ ಹೆಚ್ಚಿನ ಹುಳಗಳಿಗೆ ನಾಲ್ಕು.

ಅಧಿಕಾರಿ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಆ ಹುಳಗಳನ್ನೆಲ್ಲ ತಾವೇ ಎತ್ತಿ ತಿಗಣೆಗಳ ಕಪಾಟಿಗೆ ಸಾಗಿಸಿದರು. ನಾನು ಮನೆಯವರೆಗೂ ಸೀಟಿ ಹೊಡೆಯುತ್ತ ನಡೆದೆ.

ಮರುದಿನ ಬಂದು ನೋಡಿದರೆ, ಅವರ ಮೇಜಿನ ಮೇಲೆ ಹೊಸದಾಗಿ ಅಂಟಿಸಿದ ಪ್ರತಿಯೊಂದು ಹುಳವೂ ಅಂಗಾತ ಮಲಗಿತ್ತು.